ಥೈರಾಯ್ಡ್‌ಗೆ 20% ಡಿಸೆಬಿಲಿಟಿ ಬರೆದು, ಪಿಂಚಣಿ ಮಾತ್ರ ಇಲ್ಲ ಅಂದಿದ್ದಾರೆ

ಹವಾಲ್ದಾರರ ಮನೆಯಾಕೆ, ಗದಗ

ನಮ್ಮ ಯಜಮಾನರು 2018ರಲ್ಲಿ ಫೌಜಿನಿಂದ ರಿಟೈರ್ ಆದರು. ಕುಪ್ವಾರಾ ಮುಗಿಸಿ ಜಬಲ್ಪುರಕ್ಕೆ ಹೋದ ಮೇಲೆ ಮುಖ, ಕಾಲು ಊದಿಕೊಂಡು, ಬೆಳಿಗ್ಗೆ ಪಿಟಿಗೆ ಏಳಲಾಗದಷ್ಟು ಸುಸ್ತು. ಟಿಎಸ್‌ಎಚ್ ಪರೀಕ್ಷೆ ಮಾಡಿ ಹೈಪೋಥೈರಾಯ್ಡ್ ಅಂದರು, ಪೂರ್ತಿ ಫಿಟ್ ಅಲ್ಲ ಅನ್ನುವ ಪಿ-2 ಕೆಟಗರಿಗೆ ಹಾಕಿದರು. ಅಂದಿನಿಂದ ದಿನಾ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಗುಳಿಗೆ. ರಿಟೈರ್ ಆಗುವಾಗ ತಪಾಸಣೆ ಮಾಡುವ ರಿಲೀಸ್ ಮೆಡಿಕಲ್ ಬೋರ್ಡಿನವರು ‘ಜೀವನಪರ್ಯಂತ 20%’ ಅಂತ ಬರೆದಿದ್ದಾರೆ. ಅದರ ಕೆಳಗೇ ‘ಸೇವೆಗೆ ಸಂಬಂಧವಿಲ್ಲ, ಸೇವೆಯಿಂದ ಹೆಚ್ಚಾಗಿಯೂ ಇಲ್ಲ, ಪೀಸ್ ಸ್ಟೇಷನ್‌ನಲ್ಲಿ ಶುರು’ ಅಂತಲೂ ಇದೆ. ಪೀಸ್ ಸ್ಟೇಷನ್ ಅಂದರೆ ಗಡಿಯ ಫೀಲ್ಡ್ ಡ್ಯೂಟಿಯಲ್ಲದ ಶಾಂತ ಊರು. ಡಿಸೆಬಿಲಿಟಿ ಪಿಂಚಣಿಯ ಕ್ಲೇಮು ವಾಪಸ್ ಬಂತು. ಇವರು “ಗುಂಡೇಟೇನು ತಿಂದಿಲ್ಲವಲ್ಲ, ಬಿಡು” ಅಂತಾರೆ. ಭರ್ತಿಗೆ ಹೋದಾಗ ಈ ಕಾಯಿಲೆ ಇವರಿಗೆ ಇರಲಿಲ್ಲ. ನನಗೆ ಬಿಡಲು ಮನಸ್ಸಿಲ್ಲ. ಈಗ ಕೇಳಬಹುದಾ?

ನಿವೃತ್ತ ಸುಬೇದಾರ್ (ಕ್ಲರ್ಕ್), ಬೆಳಗಾವಿ

ಕೇಳಲೇಬೇಕು ತಂಗಿ. ಗುಂಡು ತಗುಲಿದವರಿಗೆ ಮಾತ್ರ ಅಂತ ಯಾವ ನಿಯಮದಲ್ಲೂ ಇಲ್ಲ.

2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅವರದು ಮೂರ್ಛೆರೋಗ, ಬೋರ್ಡು ಹುಟ್ಟುಗುಣ ಅಂತ ಬರೆದು ಕೈತೊಳೆದುಕೊಂಡಿತ್ತು. ಭರ್ತಿಯ ವೇಳೆ ಕಾಗದದಲ್ಲಿ ನಮೂದಾಗದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಲ್ಲೇ ಬಂತೆಂದು ಭಾವಿಸಬೇಕು, ಅಲ್ಲ ಅನ್ನುವುದಾದರೆ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಭರ್ತಿಯಲ್ಲಿ ಯಾಕೆ ಪತ್ತೆಯಾಗಲಿಲ್ಲ ಅನ್ನುವುದಕ್ಕೆ ಬೋರ್ಡು ಕಾರಣ ಬರೆಯಬೇಕು ಎಂದಿತು ಕೋರ್ಟು. ಪೀಸ್ ಸ್ಟೇಷನ್ ಮಾತಿಗೂ ಅದೇ ತೀರ್ಪಿನಲ್ಲಿ ಉತ್ತರವಿದೆ. ಕಾಯಿಲೆಗೆ ಕಾರಣವಾದದ್ದು ಫೀಲ್ಡಿನಲ್ಲೋ ಪೀಸಿನಲ್ಲೋ ಅನ್ನುವುದು ಮುಖ್ಯವಲ್ಲ ಅನ್ನುತ್ತದೆ 1983ರ ವೈದ್ಯಕೀಯ ಸೇವಾ ನಿಯಮಾವಳಿಯ 423ನೇ ನಿಯಮ.

ನಿಮ್ಮವರ ಎಎಫ್‌ಎಮ್‌ಎಸ್‌ಎಫ್-16, ಅಂದರೆ ರಿಲೀಸ್ ಬೋರ್ಡಿನ ವರದಿ, ತೆಗೆದು ನೋಡಿ. ಒಂದೇ ಸಾಲಿನಲ್ಲಿ ‘ಸಂಬಂಧವಿಲ್ಲ’ ಅಂತ ಮುಗಿಸಿದ್ದರೆ ನಿಮ್ಮ ಕೇಸು ಗಟ್ಟಿ. ಥೈರಾಯ್ಡ್‌ನಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಬಿಪಿಗೆ ‘ಡ್ಯೂಟಿಯ ಒತ್ತಡ’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಥೈರಾಯ್ಡ್ ಬಹಳ ಸಲ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಬರುವಂಥದ್ದು. ಹಾಗಾಗಿ ಒತ್ತಡವನ್ನೇ ನೆಚ್ಚಿಕೊಂಡು ಅರ್ಜಿ ಬರೆಯಬೇಡಿ. ಭರ್ತಿಯ ಕಾಗದ, ಬೋರ್ಡು ಕೊಡದ ಕಾರಣ, ಇವೆರಡರ ಮೇಲೇ ನಿಲ್ಲಿ.

ಲೆಕ್ಕವನ್ನೂ ಹೇಳುತ್ತೇನೆ, ಬಿಡು ಅನ್ನುವ ಯಜಮಾನರಿಗೆ ತೋರಿಸಿ. 100% ಡಿಸೆಬಿಲಿಟಿಗೆ ಕೊನೆಯ ಸಂಬಳದ 30%. ಸಂಬಳ 45,000 ಎಂದಿಟ್ಟುಕೊಂಡರೆ 20%ಗೆ ತಿಂಗಳಿಗೆ 2,700. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ ಅವಧಿ ಮುಗಿಸಿ ಬಂದವರಿಗೂ ಬ್ರಾಡ್ ಬ್ಯಾಂಡಿಂಗ್, ಅಂದರೆ ಶೇಕಡಾವಾರನ್ನು ಮೇಲಿನ ಹಂತಕ್ಕೆ ಏರಿಸಿ ಲೆಕ್ಕ ಹಿಡಿಯುವುದು, ಸಿಗುತ್ತದೆ: 20% ಇದ್ದದ್ದು 50% ಆಗುತ್ತದೆ. ಆಗ 6,750, ಮೇಲೆ ಡಿಎ. ಇದು ದಾನವಲ್ಲ, ಅವರು ದುಡಿದದ್ದು.

ತಡವಾಯಿತೆಂದು ಹಕ್ಕು ಹೋಗುವುದಿಲ್ಲ; ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು. ಅಂದರೆ ತಿಂಗಳು ಕಳೆದಷ್ಟೂ ನಿಮ್ಮದೇ ದುಡ್ಡು ಹೋಗುತ್ತದೆ.

ಮಾಜಿ ನಾಯಕ್, ಸೋಮವಾರಪೇಟೆ

ಸಾಬ್ ಹೇಳಿದ್ದು ಸರಿ. ನನ್ನದು ಶುಗರು, 15% ಬರೆದರು. ಅವಧಿ ಮುಗಿಸಿ ಬಂದವರಿಗೆ 20ಕ್ಕಿಂತ ಕಡಿಮೆಯಿದ್ದರೆ ಏನೂ ಸಿಗಲ್ಲ. ಅದೇ ಕಾಯಿಲೆಗೆ ಅವಧಿಗೆ ಮುಂಚೆ ಮನೆಗೆ ಕಳಿಸಿದ್ದರೆ 20% ಎಂದೇ ಹಿಡಿಯಬೇಕು ಅನ್ನುತ್ತದೆ 2014ರ ಸುಖ್ವಿಂದರ್ ಸಿಂಗ್ ತೀರ್ಪು. ಗುಳಿಗೆ ನುಂಗಿಕೊಂಡು ಪೂರ್ತಿ ದುಡಿದವನಿಗೆ ಇಲ್ಲ! ಅಕ್ಕಾ, ನಿಮ್ಮವರಿಗೆ ಆ 20 ಕೈಯಲ್ಲಿದೆ, ದಯವಿಟ್ಟು ಬಿಡಬೇಡಿ. ಇನ್ನೊಂದು, 2023ರ ಸೆಪ್ಟೆಂಬರ್ 21ರಿಂದ ಡಿಸೆಬಿಲಿಟಿ ಪಿಂಚಣಿಗೆ ಹೊಸ ನಿಯಮ ಬಂದಿದೆ, ಬಿಗಿಯಾಗಿದೆ. ಯಾರಾದರೂ ಅದನ್ನು ತೋರಿಸಿ ಹೆದರಿಸಿದರೆ ‘ರಿಟೈರ್ ಆದದ್ದು 2018ರಲ್ಲಿ’ ಅನ್ನಿ.

ಹವಾಲ್ದಾರರ ಮನೆಯಾಕೆ, ಗದಗ

ಲೆಕ್ಕ ಓದಿ ಹೇಳಿದೆ, ಸುಮ್ಮನೆ ಕೇಳಿಸಿಕೊಂಡರು. ಸಾಬ್, ಭರ್ತಿಯ ಮೆಡಿಕಲ್ ಕಾಗದ ನಮ್ಮ ಹತ್ತಿರ ಇಲ್ಲ. ಎಲ್ಲಿ ಸಿಗುತ್ತೆ? ನೇರ ಕೋರ್ಟಿಗೇ ಹೋಗಬೇಕಾ?

ನಿವೃತ್ತ ಸುಬೇದಾರ್ (ಕ್ಲರ್ಕ್), ಬೆಳಗಾವಿ

ಮೊದಲು ಅಪೀಲು, ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಪೀಲು ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಕೇಳಿ. ಕಾಗದ ಅವರ ರೆಕಾರ್ಡ್ ಆಫೀಸಿನಲ್ಲಿರುತ್ತದೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿ, ಆರ್ಮಿ ನಂಬರ್ ಬರೆದು, ಭರ್ತಿಯ ಮೆಡಿಕಲ್ಲು, ಬೋರ್ಡಿನ ಪೂರ್ತಿ ಪ್ರತಿ ಎರಡೂ ಕೇಳಿ. ಅರ್ಜಿ ಯಜಮಾನರ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಲಿ. ನಿಮ್ಮ ಹೆಸರಿನಲ್ಲಿ ಹೋದರೆ ಬೇರೆಯವರ ಮಾಹಿತಿ ಅಂತ ವಾಪಸ್ ಕಳಿಸಬಹುದು.