ಹೊಳೆ ಇಳಿದ ಮೇಲೆ: ಡಾಕ್ಟರಮ್ಮನ ಹತ್ತಿರ ಕೇಳಿ

ಅಡ್ಮಿನ್: ಗಂಗಾವಳಿ ನೀರು ಇಳಿದಿದೆ. ಅಂಕೋಲಾ ಕಡೆಯ ನಮ್ಮ ಹೊಳೆಸಾಲಿನ ಗುಂಪಿಗೆ ಇವತ್ತು ಸಂಜೆ ಡಾಕ್ಟರಮ್ಮ ಬಂದಿದ್ದಾರೆ. ನೆರೆಯ ನಂತರದ ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ. ಶುಭ ಸಂಜೆ ಚಿತ್ರ ಹಾಕಬೇಡಿ.

ಹೊಳೆಬದಿ ಮನೆ: ನಮಸ್ಕಾರ ಡಾಕ್ಟರಮ್ಮ. ನಮ್ಮ ಬಾವಿಗೆ ಹೊಳೆ ನೀರು ನುಗ್ಗಿತ್ತು. ಪಂಪ್ ಹಚ್ಚಿ ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕಾ?

ಡಾಕ್ಟರ್: ನಮಸ್ಕಾರ. ಒಂದೇ ಸಲ ಖಾಲಿ ಮಾಡಬೇಡಿ. ಸುತ್ತಲಿನ ಮಣ್ಣು ನೀರು ಕುಡಿದು ನಿಂತಿದೆ. ಒಳಗಿನ ನೀರು ಹೋದರೆ ಚಿರೆಕಲ್ಲಿನ ಕಟ್ಟು ಕುಸಿಯಬಹುದು. ಕೆಸರು ಎತ್ತಲು ಯಾರನ್ನೂ ಒಳಗೆ ಇಳಿಸಬೇಡಿ, ಉಸಿರು ಕಟ್ಟಿ ಸಾಯುತ್ತಾರೆ. ನೀರನ್ನು ಸ್ವಲ್ಪ ಸ್ವಲ್ಪ ತೆಗೆಯಿರಿ.
2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಮಾಮೂಲು ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಕು. ನೆರೆ ಹೊಕ್ಕ ಬಾವಿಗೆ ಅದು ಸಾಲದು. ಆಶಾ ಕಾರ್ಯಕರ್ತೆಗೆ ಹೇಳಿ, ಕ್ಲೋರಿನ್ ಪರೀಕ್ಷೆ ಮಾಡಿಸಿ ಅಳತೆ ಹಾಕಿಸಿ. ಪೌಡರನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಬಾವಿಗೆ ಹಾಕಬೇಕು. ಹಾಕಿ ಒಂದು ತಾಸು ಬಿಡಬೇಕು. ನೀರು ಸರಿಯಿದೆ ಅಂತ ಅವರು ಹೇಳುವವರೆಗೆ ಕುಡಿಯಲು ಕುದಿಸಿದ ನೀರೇ.

ಗಜನಿ ಗದ್ದೆ: ಒಂದು ಫಾರ್ವರ್ಡ್ ಬಂದಿದೆ ಮೇಡಂ. ಬಾವಿಗೆ ಒಂದು ಹಿಡಿ ಪಟಿಕ, ತುಳಸಿ ಹಾಕಿದರೆ ಬ್ಲೀಚಿಂಗೇ ಬೇಡವಂತೆ. ಕೆಮಿಕಲ್ ಇಲ್ಲ.

ಡಾಕ್ಟರ್: ಪಟಿಕ ಕೆಸರು ಕೂರಿಸುತ್ತದೆ, ರೋಗಾಣು ಕೊಲ್ಲುವುದಿಲ್ಲ. ನೀರು ತಿಳಿಯಾಗಿ ಕಂಡಿತು ಅಂತ ಕುಡಿದವರೇ ವಾಂತಿಭೇದಿ ಅಂತ ನನ್ನ ಹತ್ತಿರ ಬರುತ್ತಾರೆ. ಪಟಿಕವೂ ಕೆಮಿಕಲ್ಲೇ.

ಅಂಗನವಾಡಿ ಟೀಚರ್: ಕಾಳಜಿ ಕೇಂದ್ರದಲ್ಲಿ ಇಲಿ ಜ್ವರದ ಮಾತ್ರೆ ಕೊಡುತ್ತಿದ್ದಾರೆ. ಬಸುರಿಯರಿಗೆ ಕೊಡಬಹುದಾ?

ಡಾಕ್ಟರ್: ಡಾಕ್ಸಿಸೈಕ್ಲಿನ್ ತಾನೇ? ಬಸುರಿಯರಿಗೆ, ಹಾಲುಣಿಸುವವರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಬೇಡ. ಅವರನ್ನು ನೀರಿಗೆ, ಕೆಸರಿಗೆ ಇಳಿಸದಿರುವುದೇ ದಾರಿ. ಉಳಿದ ದೊಡ್ಡವರು, ಕೆಸರಲ್ಲಿ ಕೆಲಸ ಮಾಡುವವರು, ವಾರಕ್ಕೊಮ್ಮೆ 200 ಮಿಲಿಗ್ರಾಂ. ಊಟದ ಮೇಲೆ, ತುಂಬಾ ನೀರಿನ ಜೊತೆ. ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಕೊಟ್ಟಿಗೆ ಮನೆ: ಅಣ್ಣನಿಗೆ ಮೂರು ದಿನದಿಂದ ಜ್ವರ. ನೀರು ಇಳಿದ ಮೇಲೆ ಕೊಟ್ಟಿಗೆ ಕೆಸರು ಅವನೂ ಬಳಿದ. ಕಾಲಿನ ಮೀನಖಂಡ ಮುಟ್ಟಿದರೆ ಕೂಗುತ್ತಾನೆ. ಕಣ್ಣು ಕೆಂಪು. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಟ್ಟೆವು. ಪ್ಲೇಟ್‌ಲೆಟ್‌ಗೆ ಪಪ್ಪಾಯಿ ಎಲೆ ರಸವೂ ಕೊಟ್ಟಾಯಿತು.

ಡಾಕ್ಟರ್: ನಿಮ್ಮ ಅಣ್ಣನ ಮೂತ್ರ ಹೇಗಿದೆ? ಕೆಸರು ಬಳಿದು ಎಷ್ಟು ದಿನವಾಯಿತು?

ಕೊಟ್ಟಿಗೆ ಮನೆ: ಹತ್ತು ದಿನ ಇರಬಹುದು. ನಿನ್ನೆಯಿಂದ ಮೂತ್ರ ಕಡಿಮೆ, ಟೀ ಬಣ್ಣ.

ಡಾಕ್ಟರ್: ಈಗಲೇ ಹೊರಡಿಸಿ. ನಾಳೆ ಬೆಳಿಗ್ಗೆ ಅಲ್ಲ, ಈಗ. 108ಕ್ಕೆ ಕರೆ ಮಾಡಿ, ದಾರಿಯಲ್ಲಿ ಹೋಗುತ್ತಾ ಇದನ್ನು ಓದಿ.
ಇದು ಇಲಿ ಜ್ವರ ಇರಬಹುದು. ಇಲಿ, ಹೆಗ್ಗಣ, ದನಗಳ ಮೂತ್ರದಲ್ಲಿ ರೋಗಾಣು ಇರುತ್ತದೆ. ನೆರೆ ನೀರು ಅದನ್ನೆಲ್ಲ ಕೆಸರಿಗೆ ಸೇರಿಸುತ್ತದೆ. ಕಾಲಿನ ಒಡಕು, ಗಾಯ, ಕಣ್ಣಿನಿಂದ ಮೈಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ. ಮೊದಲು ಎಲ್ಲ ಜ್ವರದ ಹಾಗೇ ಇರುತ್ತದೆ, ಅದಕ್ಕೇ ಜನ ಡೆಂಗ್ಯೂ ಅಂತಲೋ ಮಳೆ ಜ್ವರ ಅಂತಲೋ ಸುಮ್ನೆ ಕೂರುತ್ತಾರೆ. ಮೀನಖಂಡದ ನೋವು, ಕೀವಿಲ್ಲದ ಕೆಂಪು ಕಣ್ಣು, ಕೆಸರಲ್ಲಿ ಕೆಲಸ: ಈ ಮೂರೂ ಒಟ್ಟಿಗೆ ಇದ್ದರೆ ನಾನು ರಕ್ತದ ವರದಿಗೆ ಕಾಯದೆ ಔಷಧ ಶುರು ಮಾಡುತ್ತೇನೆ. ಮೂತ್ರ ಕಡಿಮೆಯಾಯಿತು ಅಂದರೆ ಕಿಡ್ನಿಗೆ ಏಟು ಬೀಳುತ್ತಿದೆ. ಬೇಗ ಹೋದರೆ ಬಹಳ ಮಂದಿ ಪೂರ್ತಿ ಗುಣವಾಗುತ್ತಾರೆ. ತಡವಾದರೆ ಡಯಾಲಿಸಿಸ್ ಬೇಕಾಗಬಹುದು.
ನೋವಿನ ಮಾತ್ರೆ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಕಿಡ್ನಿಗೆ ಇನ್ನಷ್ಟು ಕೆಡುಕು. ಆ ಮಾತ್ರೆಯ ಹಾಳೆ ಆಸ್ಪತ್ರೆಗೆ ಒಯ್ಯಿರಿ. ಪಪ್ಪಾಯಿ ರಸ ಬಿಡಿ. "ಕೆಸರು ಬಳಿದಿದ್ದಾನೆ" ಅಂತ ಆಸ್ಪತ್ರೆಯಲ್ಲಿ ಮೊದಲ ಮಾತಲ್ಲೇ ಹೇಳಿ.

ಕೊಟ್ಟಿಗೆ ಮನೆ: ನಮ್ಮ ರಸ್ತೆ ಮೇಲೆ ಧರೆ ಕುಸಿದಿದೆ. ಆಂಬುಲೆನ್ಸ್ ಈ ಕಡೆ ಬರುವುದಿಲ್ಲ ಅಂತ ಹೇಳುತ್ತಿದ್ದಾರೆ.

ಪಾತಿದೋಣಿ: ನಿಮ್ಮ ದೋಣಿ ಕಟ್ಟುವ ಧಕ್ಕೆಗೆ ಬರುತ್ತೇನೆ. ಎದುರು ದಡಕ್ಕೆ ದಾಟಿಸುತ್ತೇನೆ, ಆಂಬುಲೆನ್ಸ್ ಅಲ್ಲಿಗೆ ಬರಲಿ. ಅವನಿಗೆ ಕಂಬಳಿ ಹೊದಿಸಿ.

ಮುಂಬೈವಾಸಿ: ಡ್ಯಾಂ ಗೇಟ್ ತೆಗೆದು ಜನರನ್ನು ಮುಳುಗಿಸುತ್ತಾರೆ. ಯಾರೂ ಕೇಳುವವರಿಲ್ಲ.

ಹೊಳೆಬದಿ ಮನೆ: ಗಂಗಾವಳಿಗೆ ಯಾವ ಡ್ಯಾಂ ಮಾರಾಯ? ಕದ್ರಾ ಡ್ಯಾಂ ಇರುವುದು ಕಾಳಿ ಹೊಳೆಗೆ. ಇಲ್ಲಿ ಕಲಘಟಗಿ, ಯಲ್ಲಾಪುರದ ಮಳೆ ಮಾಗೋಡು ಜಲಪಾತ ಹಾರಿ ಬರುತ್ತದೆ. ಆ ಹೊತ್ತಿಗೆ ಭರತ, ಅಂದರೆ ಉಬ್ಬರ ಇದ್ದರೆ ಸಮುದ್ರ ಆ ನೀರನ್ನು ಒಳಗೆ ತೆಗೆದುಕೊಳ್ಳುವುದಿಲ್ಲ.

ಮುಂಬೈವಾಸಿ: 2019ರಲ್ಲಿ ಕದ್ರಾದಿಂದ ನೀರು ಬಿಡಲಿಲ್ವಾ?

ಹೊಳೆಬದಿ ಮನೆ: ಬಿಟ್ಟರು, ಕಾಳಿ ದಡದವರು ಮುಳುಗಿದರು. ನಾವೂ ಮುಳುಗಿದೆವು, ಬೇರೆ ಹೊಳೆಯಲ್ಲಿ. ನಕಾಶೆ ನೋಡಿ ಮಾತಾಡಿ.

ಶಿರಸಿ ತೋಟ: ಹೆದ್ದಾರಿಗೆ ಗುಡ್ಡ ಕಡಿದದ್ದು ಮರೆತಿರಾ? 2024ರ ಜುಲೈ 16, ಶಿರೂರು. ಗುಡ್ಡ ಹೊಳೆಗೆ ಬಿತ್ತು, ನೀರು ಎದುರು ದಡದ ಉಳುವರೆಯ ಮನೆಗಳ ಮೇಲೆ ಹಾರಿತು.

ಮುಂಬೈವಾಸಿ: ಘಟ್ಟದ ಮೇಲೆ ಕೂತು ಕರಾವಳಿಗೆ ಪಾಠ ಬೇಡ.

ಶಿರಸಿ ತೋಟ: ನೀವು ಅಂಧೇರಿಯಲ್ಲಿ ಕೂತಿದ್ದೀರಲ್ಲ!

ದೊಡ್ಡಮ್ಮನ ಮನೆ: ಡಾಕ್ಟರಮ್ಮ, ಶಿರೂರು ಆದ ಮೇಲೆ ಅಮ್ಮ ಮಳೆ ಸದ್ದಿಗೆ ನಿದ್ದೆ ಮಾಡುವುದಿಲ್ಲ. ಜಗುಲಿಯಲ್ಲಿ ಕೂತೇ ಇರುತ್ತಾರೆ. ಏನಾದರೂ ಔಷಧ ಇದೆಯಾ?

ಗಜನಿ ಗದ್ದೆ: ಮೇಡಂ, ಹಾವು ಬಾರದ ಹಾಗೆ ಮನೆ ಸುತ್ತ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಆಗುತ್ತಾ? ಇದೂ ಫಾರ್ವರ್ಡ್.

ಡಾಕ್ಟರ್: ಆಗುವುದಿಲ್ಲ. ಟಾರ್ಚ್ ಹಿಡಿದು ನಡೆಯಿರಿ, ಬೂಟು ಹಾಕಿ, ಕಟ್ಟಿಗೆ ರಾಶಿಗೆ ಬರಿಗೈ ಹಾಕಬೇಡಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಅಲುಗಾಡಿಸದೆ ಆಸ್ಪತ್ರೆಗೆ.

ಗಜನಿ ಗದ್ದೆ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ಡಾಕ್ಟರ್: ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನೇ ಗುಂಪು ಬಿಡುತ್ತೇನೆ. ದೋಣಿ ಹೊರಟಿತಾ?

ಪಾತಿದೋಣಿ: ಹತ್ತಿಸಿಕೊಂಡೆ. ಹೊರಟೆ.

ಶಿರಸಿ ತೋಟ: ನೋಡಿ, ಎಲ್ಲ ದೋಣಿಯವರದ್ದೂ ನಂಬರ್ ಪಟ್ಟಿ ಮೊದಲೇ ಇರಬೇಕಿತ್ತು.

ಪಾತಿದೋಣಿ ಮನೆಯವರು: ಇತ್ತು. ಯಾರೂ ನೋಡಲಿಲ್ಲ. 2019ರಲ್ಲೂ ನಮ್ಮವರೇ ದಾಟಿಸಿದ್ದು. ಆಮೇಲೆ ಡೀಸೆಲ್ ಖರ್ಚು ಕೇಳಿದ್ದಕ್ಕೆ ಊರವರು ಮುಖ ತಿರುಗಿಸಿದರು.

ಅಡ್ಮಿನ್: ಆ ವಿಷಯ ಇಲ್ಲಿ ಬೇಡ ಅಕ್ಕ.

ಪಾತಿದೋಣಿ ಮನೆಯವರು: ಮತ್ತೆ ಎಲ್ಲಿ ಬೇಕು ತಮ್ಮ? ದೋಣಿ ಬೇಕಾದಾಗ ಮಾತ್ರ ನಾವಾ?

ಡಾಕ್ಟರ್: ಅಕ್ಕ ಹೇಳಿದ್ದು ಸರಿ. ಡೀಸೆಲ್ ದುಡ್ಡು ಮಳೆಗಾಲಕ್ಕೆ ಮೊದಲೇ ಕೂಡಿಸಿಡಿ. ಆದರೆ ದೋಣಿ ಪಟ್ಟಿ ಒಂದೇ ಸಾಲದು. ಯಾರನ್ನು ಮೊದಲು ಎತ್ತಬೇಕು ಅನ್ನುವ ಪಟ್ಟಿ ಎಲ್ಲಿದೆ? ದಿನ ತುಂಬಿದ ಬಸುರಿ, ಡಯಾಲಿಸಿಸ್‌ನವರು, ಹಾಸಿಗೆ ಹಿಡಿದ ಅಜ್ಜ, ಇನ್ಸುಲಿನ್ ತೆಗೆದುಕೊಳ್ಳುವವರು. ಆಶಾ ಹತ್ತಿರ ಹೆಸರುಗಳು ಇರುತ್ತವೆ, ದೋಣಿಯವರ ಹತ್ತಿರ ಇರುವುದಿಲ್ಲ. ಇಬ್ಬರನ್ನೂ ಒಂದು ಕಡೆ ಕೂರಿಸಿ. ಹೊಳೆ ಏರಿದ ರಾತ್ರಿ ಇದನ್ನೆಲ್ಲ ಬರೆದುಕೊಳ್ಳಲು ಆಗುವುದಿಲ್ಲ. ಜಿಲ್ಲಾ ಕಂಟ್ರೋಲ್ ರೂಮ್ 1077 ಅದೇ ಹಾಳೆಯ ಮೇಲೆ ಬರೆಯಿರಿ.

ಮುಂಬೈವಾಸಿ: ಪರಿಹಾರದ ಹಣ ಯಾವಾಗ ಬರುತ್ತೆ ಮೇಡಂ?

ಹೊಸ ಸದಸ್ಯ: ಬೆರಳ ಸಂದಿ ಕೊಳೆತಿದೆ, ಏನು ಹಚ್ಚಲಿ?

ಕೊಟ್ಟಿಗೆ ಮನೆ: ಆಸ್ಪತ್ರೆಗೆ ಮುಟ್ಟಿದೆವು. ಡ್ರಿಪ್ ಹಾಕಿದ್ದಾರೆ. ರಕ್ತ ತೆಗೆದರು. ಕಿಡ್ನಿ ಸ್ವಲ್ಪ ಏರುಪೇರು ಇದೆಯಂತೆ.

ಡಾಕ್ಟರ್: ಒಳ್ಳೆಯದು, ಅಲ್ಲೇ ಇರಿ. ಬಿಡಿಸಿಕೊಂಡು ಬರಬೇಡಿ. ಮೂತ್ರ ಎಷ್ಟು ಹೋಯಿತು ಅಂತ ಅಳೆದು ಬರೆದಿಡಿ. ಅವರ ಜೊತೆ ಕೆಸರು ಬಳಿದವರು ಯಾರು?

ಕೊಟ್ಟಿಗೆ ಮನೆ: ನಾನು, ಅತ್ತಿಗೆ, ಪಕ್ಕದ ಮನೆ ಇಬ್ಬರು.

ಡಾಕ್ಟರ್: ನಾಲ್ವರೂ ನಾಳೆ ಆರೋಗ್ಯ ಕೇಂದ್ರಕ್ಕೆ. ಜ್ವರ ಇರಲಿ, ಇಲ್ಲದಿರಲಿ.

ಹೊಸ ಸದಸ್ಯ: ಮೇಡಂ, ಬಾವಿಗೆ ಪಟಿಕ ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.