ಮಗನ ಅಸ್ತಮಾಕ್ಕೆ ವಿಡಿಯೋ ಕಾಲ್‌ನಲ್ಲಿ ಫಾಲೋ-ಅಪ್ ಮಾಡಿಸಬಹುದಾ?

ಕೊಪ್ಪದ ತಾಯಿ:
ಮಗನಿಗೆ ಆರು ವರ್ಷ. ಹೋದ ಮಳೆಗಾಲದಲ್ಲಿ ಅಸ್ತಮಾ ಅಂತ ಗೊತ್ತಾಯಿತು. ತೋರಿಸುತ್ತಿರುವುದು ಶಿವಮೊಗ್ಗದಲ್ಲಿ. ದಿನಾ ಬೆಳಿಗ್ಗೆ, ರಾತ್ರಿ ಕಂದು ಪಂಪ್ (ಇನ್ಹೇಲರ್); ಉಬ್ಬಸ ಬಂದರೆ ನೀಲಿ ಪಂಪ್. ಈಗ ಆರಾಮಾಗಿ ಓಡಾಡಿಕೊಂಡಿದ್ದಾನೆ. ಆದರೂ ಮೂರು ತಿಂಗಳಿಗೊಮ್ಮೆ ತೋರಿಸಲೇಬೇಕು ಅಂತಾರೆ. ತೀರ್ಥಹಳ್ಳಿ ದಾರಿಯ ತಿರುವುಗಳಲ್ಲಿ ಅವನು ಬಸ್ಸಲ್ಲೇ ವಾಂತಿ ಮಾಡಿಕೊಳ್ಳುತ್ತಾನೆ, ಒಂದಿಡೀ ದಿನ ಬೇಕು. ಈಗ ಅಡಿಕೆ ಕೊಯ್ಲು ಬೇರೆ, ಮನೆ ಬಿಟ್ಟು ಹೊರಡುವ ಹಾಗಿಲ್ಲ. ಡಾಕ್ಟರೇ "ಈ ಸಲ ವಿಡಿಯೋ ಕಾಲ್‌ನಲ್ಲಿ ನೋಡೋಣ" ಅಂದಿದ್ದಾರೆ. ಅತ್ತೆಗೆ ಒಪ್ಪಿಗೆ ಇಲ್ಲ. "ಎದೆಗೆ ಸ್ಟೆತಸ್ಕೋಪ್ ಇಡದೆ ಅದೇನು ನೋಡ್ತಾರೆ?" ಅಂತಾರೆ. ನನಗೂ ಒಳಗೊಳಗೇ ಅದೇ ಅನುಮಾನ. ಗೊತ್ತಿದ್ದವರು ಹೇಳಿ. ಕಾಲ್‌ಗೆ ಮುಂಚೆ ಏನೇನು ರೆಡಿ ಇಟ್ಟುಕೊಳ್ಳಬೇಕು?

ಮಕ್ಕಳ ಡಾಕ್ಟರ್:
ನಾನು ಅಸ್ತಮಾ ಇರುವ ಮಕ್ಕಳನ್ನು ವಿಡಿಯೋದಲ್ಲೂ ನೋಡುತ್ತೇನೆ. ನಿಮ್ಮ ಅತ್ತೆಯವರ ಪ್ರಶ್ನೆ ಸರಿಯಾಗೇ ಇದೆ. ಉಸಿರಿಗೆ ಒದ್ದಾಡುವ ಮಗುವನ್ನು ಫೋನಲ್ಲಿ ನೋಡಿಕೊಂಡು ಕೂರಬಾರದು. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ನೀಲಿ ಪಂಪ್ ಕೊಟ್ಟರೂ ಮತ್ತೆ ಬೇಗ ಉಬ್ಬಸ ಬಂದರೆ ಕಾಲ್ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಎಷ್ಟು ಪಫ್ ಕೊಡಬೇಕು ಅನ್ನೋದನ್ನು ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಬರೆಸಿಟ್ಟುಕೊಳ್ಳಿ.

ಆದರೆ ಮಗ ಈಗ ಚೆನ್ನಾಗಿದ್ದಾನೆ ಅಲ್ವಾ? ಚೆನ್ನಾಗಿರುವ ಮಗುವಿನ ಎದೆಯಲ್ಲಿ ಕೇಳುವಂಥದ್ದು ಜಾಸ್ತಿ ಇರುವುದಿಲ್ಲ. ನನಗೆ ಬೇಕಾಗುವುದು ಅವನು ಪಂಪ್ ಹೇಗೆ ತಗೋತಾನೆ ಅನ್ನೋದು. ಹಾಗಾಗಿ ಆ ಹೊತ್ತಿನ ಡೋಸನ್ನು ಕಾಲ್‌ನಲ್ಲೇ ಕೊಡಿ. ಪಂಪ್ ಅಲುಗಾಡಿಸಿದಿರಾ, ಸ್ಪೇಸರ್‌ಗೆ (ಪಂಪ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಒಂದು ಸಲಕ್ಕೆ ಒಂದೇ ಪಫ್ ಬಿಟ್ಟಿರಾ, ಅವನು ತುಟಿ ಬಿಗಿಯಾಗಿ ಮುಚ್ಚಿದನಾ ಇಲ್ಲಾ ಸುಮ್ನೆ ಹಲ್ಲಲ್ಲಿ ಕಚ್ಚಿಕೊಂಡನಾ, ನಿಧಾನವಾಗಿ ಐದಾರು ಉಸಿರು ಎಳೆದನಾ, ಕಂದು ಪಂಪ್ ಆದಮೇಲೆ ಬಾಯಿ ಮುಕ್ಕಳಿಸಿ ಉಗಿದನಾ, ಇಷ್ಟೂ ಕ್ಯಾಮೆರಾದಲ್ಲಿ ಕಾಣುತ್ತದೆ. ಮೊನ್ನೆ ಒಂದು ಕಾಲ್‌ನಲ್ಲಿ ಅಜ್ಜಿಯೊಬ್ಬರು ಹಿಂದೆ ಕೂತು, ತೊಳೆದ ಸ್ಪೇಸರ್‌ನ ಒಳಗೆಲ್ಲ ಬಟ್ಟೆ ತೂರಿಸಿ ಫಳಫಳ ಹೊಳೆಯುವ ಹಾಗೆ ಒರೆಸುತ್ತಿದ್ದರು. ಪ್ಲಾಸ್ಟಿಕ್ ಉಜ್ಜಿದರೆ ಅದರಲ್ಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ, ಎದೆಗೆ ಇಳಿಯುವುದು ಕಮ್ಮಿ. ಸೋಪು ನೀರಲ್ಲಿ ಅದ್ದಿ ತೆಗೆದು, ಒರೆಸದೆ ಒಣಗಲು ಬಿಡಬೇಕು. ಅವರು ಆಸ್ಪತ್ರೆಗೆ ಬಂದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಫೋನ್ ಹಿಡಿದು ಮನೆಯನ್ನೂ ಒಂದು ಸುತ್ತು ತೋರಿಸಿ. ಮಲಗುವ ಕೋಣೆ, ಗೋಡೆಯ ಬೂಷ್ಟು, ಕಂಬಳಿ, ಬಚ್ಚಲ ಒಲೆ. ನಿಮ್ಮ ಕಡೆ ಈಗ ಅಡಿಕೆ ಬೇಯಿಸುವ ಕಾಲ. ಆ ಹೊಗೆ ಯಾವ ಕಡೆಗೆ ಬರುತ್ತದೆ, ಮಗು ಆಗ ಎಲ್ಲಿರುತ್ತಾನೆ ಅನ್ನೋದು ಔಷಧಿಯಷ್ಟೇ ಮುಖ್ಯ.

ನಾಲ್ಕರಿಂದ 11 ವರ್ಷದವರಿಗೆ ಅಸ್ತಮಾ ಹತೋಟಿಯಲ್ಲಿದೆಯಾ ಅಂತ ನೋಡುವ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ನಾಲ್ಕಕ್ಕೆ ಮಗು ಉತ್ತರಿಸಬೇಕು, ಮೂರಕ್ಕೆ ನೀವು. 27ಕ್ಕೆ 19 ಅಥವಾ ಕಮ್ಮಿ ಬಂದರೆ ಹತೋಟಿ ಸಾಲದು ಅಂತ ಅರ್ಥ. ನಿಮ್ಮ ಡಾಕ್ಟರ್ ಹತ್ತಿರ ಕೇಳಿ ತರಿಸಿಕೊಳ್ಳಿ. ರಾತ್ರಿ ಕೆಮ್ಮಿ ಎದ್ದ ದಿನ, ನೀಲಿ ಪಂಪ್ ಬೇಕಾದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಅತ್ತೆಯವರಿಗೆ ಇದನ್ನೂ ಹೇಳಿ. ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಅಸ್ತಮಾ ಇರುವ 400 ಮಕ್ಕಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಲೆಯಲ್ಲೇ ದಿನದ ಔಷಧಿ ಕೊಟ್ಟು, ಶಾಲೆಯಿಂದಲೇ ಟೆಲಿಮೆಡಿಸಿನ್‌ನಲ್ಲಿ (ಡಾಕ್ಟರ್ ದೂರದಿಂದಲೇ ನೋಡುವುದು) ಫಾಲೋ-ಅಪ್ ಮಾಡಿದರು. ಅಸ್ತಮಾಕ್ಕೆ ತುರ್ತು ಚಿಕಿತ್ಸೆಗೋ ಆಸ್ಪತ್ರೆಗೋ ಹೋಗಬೇಕಾಗಿ ಬಂದವರು ಆ ಗುಂಪಿನಲ್ಲಿ ನೂರಕ್ಕೆ 7, ಮಾಮೂಲಿ ಚಿಕಿತ್ಸೆಯ ಇನ್ನೊಂದು ಗುಂಪಿನಲ್ಲಿ 15. ದಿನಾ ತಪ್ಪದೆ ಔಷಧಿ ಹೋಗಿದ್ದೂ ಇದಕ್ಕೆ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಚಿಕ್ಕಮಗಳೂರು ಜಿಲ್ಲೆ:
ಅಕ್ಕ, ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ನಿಮ್ಮೂರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ ವಿಚಾರಿಸಿ. ನಾವು ಸರ್ಕಾರದ ಆನ್‌ಲೈನ್ ವೈದ್ಯ ಸೇವೆಯಾದ ಇ-ಸಂಜೀವನಿಯಲ್ಲಿ ದೊಡ್ಡ ಆಸ್ಪತ್ರೆಯ ಡಾಕ್ಟರ್ ಜೊತೆ ಮಾತಾಡಿಸುತ್ತೇವೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಡಾಕ್ಟರನ್ನೇ ಮಾತಾಡಿಸುವುದಾದರೂ ಮೊದಲು ಇಲ್ಲಿ ಎತ್ತರ, ತೂಕ ನೋಡಿಸಿ ಬರೆಸಿಕೊಂಡು ಹೋಗಿ. 2020ರ ಟೆಲಿಮೆಡಿಸಿನ್ ನಿಯಮದಂತೆ ಮಗುವಿನ ಜೊತೆ ದೊಡ್ಡವರು ಒಬ್ಬರು ಇರಲೇಬೇಕು. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿಕೊಳ್ಳಿ.

ಕೊಪ್ಪದ ತಾಯಿ:
ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಸಿಗ್ನಲ್ ಸಿಗುವುದು ಮೇಲೆ ರಸ್ತೆ ಹತ್ತಿರ ಮಾತ್ರ, ಹಾಗಾಗಿ ಆರೋಗ್ಯ ಮಂದಿರವೇ ಸರಿ. ಮನೆಯ ವಿಡಿಯೋ ಮೊದಲೇ ತೆಗೆದುಕೊಂಡು ಹೋಗುತ್ತೇನೆ. ಅತ್ತೆಗೆ ಸ್ಪೇಸರ್ ವಿಷಯ ಓದಿ ಹೇಳಿದೆ, ಗಮನ ಕೊಟ್ಟು ಕೇಳಿದರು. ಇನ್ನೊಂದು ಪ್ರಶ್ನೆ, ಡಾಕ್ಟ್ರೇ. ಇಷ್ಟು ಚೆನ್ನಾಗಿದ್ದಾನಲ್ಲ, ಕಂದು ಪಂಪ್ ನಿಲ್ಲಿಸಬಹುದಾ? ಅಭ್ಯಾಸ ಆಗಿಬಿಡುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ.

ಮಕ್ಕಳ ಡಾಕ್ಟರ್:
ನೀವಾಗಿ ನಿಲ್ಲಿಸಬೇಡಿ. ಅದಕ್ಕೆ ಚಟ ಹಿಡಿಯುವ ಗುಣ ಇಲ್ಲ. ಶ್ವಾಸನಾಳದ ಒಳಗಿನ ಊತ ಇಳಿಸುವುದು ಅದೇ, ಅವನು ಆರಾಮಾಗಿರುವುದೂ ಅದರಿಂದಲೇ. ಮೂರು ತಿಂಗಳ ಮೇಲೆ ಹತೋಟಿಯಲ್ಲಿದ್ದರೆ ಡಾಕ್ಟರೇ ಡೋಸ್ ಇಳಿಸುತ್ತಾ ಬರುತ್ತಾರೆ. ಈ ಕಂದು ಪಂಪ್‌ನಂಥ ಸ್ಟಿರಾಯ್ಡ್ ಪಂಪ್ ತಗೊಳ್ಳುವ ಮಕ್ಕಳ ಎತ್ತರ ಆಗಾಗ ನೋಡಬೇಕು, ಊದಿಸಿ ನೋಡುವ ಪರೀಕ್ಷೆಯೂ ಇರುತ್ತದೆ. ಹಾಗಾಗಿ ಒಂದು ಸಲ ವಿಡಿಯೋ ಆದರೆ ಮುಂದಿನ ಸಲ ಖುದ್ದಾಗಿ ಹೋಗಿ. ಪಂಪ್‌ಗಳ ಬಣ್ಣ ಕಂಪನಿಗೊಂದು ಥರ ಇರಬಹುದು, ಕಾಲ್‌ನಲ್ಲಿ ಹೆಸರಿರುವ ಲೇಬಲ್ ತೋರಿಸಿ.

ಜೂನ್‌ನಲ್ಲಿ ನಿಮ್ಮ ಕಡೆ ಶಾಲೆ, ಮಳೆ, ನೆಗಡಿ ಮೂರೂ ಒಟ್ಟಿಗೆ ಶುರುವಾಗುತ್ತವೆ. ಮೇ ಕೊನೆಯಲ್ಲಿ ಒಂದು ಕಾಲ್ ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ. ನೀಲಿ ಪಂಪ್ ಹೇಗೆ ಕೊಡಬೇಕು ಅಂತ ಶಾಲೆಯ ಟೀಚರ್‌ಗೆ ಒಂದು ಚೀಟಿಯನ್ನೂ ಅದೇ ಕಾಲ್‌ನಲ್ಲಿ ಬರೆಸಿಕೊಳ್ಳಿ.