ಪುಂಡು ವೇಷ ಕುಣಿಯುವಾಗ ನೆಲ ಮುಟ್ಟಿದ ಹಾಗೇ ಕಾಣ್ತಿಲ್ಲ, ಏನು ಮಾಡಲಿ? (ಬ್ಲೆಂಡರ್, 3ಡಿ ಅನಿಮೇಷನ್ ಸಾಫ್ಟ್‌ವೇರ್)

ಗೆಜ್ಜೆಕಾಲು:

ಎಲ್ಲರಿಗೂ ನಮಸ್ಕಾರ. ಹಗಲಿನ ಕೆಲಸ ಲೆಕ್ಕಪತ್ರದ್ದು, ಅನಿಮೇಷನ್ ರಾತ್ರಿ ಹೊತ್ತಿನ ಹುಚ್ಚು. ಬ್ಲೆಂಡರ್‌ನಲ್ಲಿ ಯಕ್ಷಗಾನದ ಒಂದು ಪುಂಡು ವೇಷದ (ಚುರುಕಾದ ತರುಣ ವೀರನ ಪಾತ್ರ) ಪ್ರವೇಶದ ಕುಣಿತ ಮಾಡುತ್ತಿದ್ದೇನೆ. ಒಟ್ಟು 40 ಸೆಕೆಂಡ್, ಸೆಕೆಂಡಿಗೆ 24 ಫ್ರೇಮ್. ಮಾಡೆಲ್, ರಿಗ್ (ಗೊಂಬೆಯನ್ನು ಆಡಿಸುವ ಮೂಳೆಗಳ, ಅಂದರೆ ಬೋನುಗಳ ಜೋಡಣೆ), ಬಣ್ಣ ಎಲ್ಲ ನನ್ನದೇ. ತಲೆಗೆ ಕೇದಗೆ ಮುಂದಲೆ, ಕಾಲಿಗೆ ಗೆಜ್ಜೆ, ಕೊನೆಯಲ್ಲಿ ನಾಲ್ಕು ಧೀಂಗಿಣ (ಹಾರಿ ಸುತ್ತುವ ಕುಣಿತ).

ತೊಂದರೆ ಮೂರು. ಒಂದು, ಪಾತ್ರ ನೆಲದ ಮೇಲೆ ಕುಣಿಯುತ್ತಿಲ್ಲ, ನೆಲದಿಂದ ಒಂದು ಇಂಚು ಮೇಲೆ ತೇಲುತ್ತಿದೆ, ಪಾದ ಊರಿದ ಮೇಲೂ ಸ್ವಲ್ಪ ಜಾರುತ್ತೆ. ಎರಡು, ಸುತ್ತು ಹೊಡೆಯಬೇಕಾದ ಕಡೆ ಒಮ್ಮೊಮ್ಮೆ ಉಲ್ಟಾ ತಿರುಗುತ್ತೆ, ಒಮ್ಮೊಮ್ಮೆ ತಿರುಗೋದೇ ಇಲ್ಲ. ಮೂರು, ಸೈಕಲ್ಸ್‌ನಲ್ಲಿ (ಅಂತಿಮ ಚಿತ್ರ ತೆಗೆಯುವ, ಅಂದರೆ ರೆಂಡರ್ ಮಾಡುವ, ಬ್ಲೆಂಡರ್‌ನ ಒಂದು ಎಂಜಿನ್) ಒಂದು ಫ್ರೇಮಿಗೆ 3 ನಿಮಿಷ ಹಿಡಿಯುತ್ತಿದೆ (ಲ್ಯಾಪ್‌ಟಾಪು, 4 ಜಿಬಿ ಗ್ರಾಫಿಕ್ಸ್ ಕಾರ್ಡ್), ಅಷ್ಟಾದರೂ ಆಭರಣದ ಮೇಲೆಲ್ಲ ಬಿಳಿ ಚುಕ್ಕೆ ಮಿಣಮಿಣ ಅನ್ನುತ್ತೆ. ಲೈಟಿಂಗ್ ಸರಿ ಮಾಡಿದರೆ ಮುಕ್ಕಾಲು ಪಾಲು ಸರಿಹೋಗುತ್ತೆ ಅಂತ ನನ್ನ ಅಂದಾಜು. ವಿಡಿಯೊ ಹಾಕಿದ್ದೇನೆ, ನೋಡಿ ಹೇಳಿ. ಬೈದರೂ ಪರವಾಗಿಲ್ಲ.

ಕೀಫ್ರೇಮ್ ಕಿಟ್ಟಿ:

ನೋಡಿದೆ. ಮುಖದ ಬಣ್ಣಗಾರಿಕೆ ಭರ್ಜರಿಯಾಗಿದೆ, ಕಣ್ಣಿನ ಸುತ್ತ ಕೆಲಸ ಚೆನ್ನಾಗಿ ಬಂದಿದೆ. ಆದರೆ ಲೈಟಿಂಗ್ ವಿಷಯ ನಾನು ಒಪ್ಪಲ್ಲ. ಒಂದು ಕೆಲಸ ಮಾಡಿ: ಬಣ್ಣ, ಲೈಟು, ಬಟ್ಟೆ ಎಲ್ಲ ತೆಗೆದು ಬರೀ ಬೂದು ಬಣ್ಣದ ಗೊಂಬೆಯನ್ನು ಸಾಲಿಡ್ ವ್ಯೂನಲ್ಲಿ ಓಡಿಸಿ ನೋಡಿ. ಆಗಲೂ ತೇಲುತ್ತೆ. ಅಂದರೆ ತೊಂದರೆ ಇರೋದು ಸೊಂಟದಲ್ಲಿ.

ನಿಮ್ಮ ಪಾತ್ರ ಹೆಜ್ಜೆ ಊರುತ್ತೆ, ಸೊಂಟ ಮಾತ್ರ ಎತ್ತರ ಬದಲಿಸದೆ ಹಾಗೇ ಮುಂದೆ ಹೋಗುತ್ತೆ. ಮನುಷ್ಯ ಪಾದ ಬಡಿದ ಮೇಲೆ ಎರಡು ಮೂರು ಫ್ರೇಮು ಬಿಟ್ಟು ಮೈ ಕೆಳಗೆ ಕುಸಿಯಬೇಕು, ಮಂಡಿ ಆ ಭಾರ ತಗೊಳ್ಳಬೇಕು, ಆಮೇಲೆ ಏಳಬೇಕು. ಅದರಲ್ಲೂ ಯಕ್ಷಗಾನದಲ್ಲಿ ಮಂಡಿ ಯಾವಾಗಲೂ ಸ್ವಲ್ಪ ಬಾಗಿಯೇ ಇರುತ್ತೆ ಅಲ್ವಾ, ನಿಮ್ಮದು ಕಂಬದ ಹಾಗೆ ನೆಟ್ಟಗೆ ನಿಂತಿದೆ. ಕಾಲು, ಕೈ, ತಲೆ ಯಾವುದನ್ನೂ ಮುಟ್ಟದೆ ಮೊದಲು ಸೊಂಟದ ಮೇಲೆ ಕೆಳಗೆ ಚಲನೆ ಒಂದನ್ನೇ ಸರಿ ಮಾಡಿ. ಅರ್ಧ ರೋಗ ಅಲ್ಲೇ ವಾಸಿ.

ಪಾದ ಜಾರೋದಕ್ಕೆ ಕಾರಣ ಬೇರೆ. ಗ್ರಾಫ್ ಎಡಿಟರ್ (ಚಲನೆಯನ್ನು ಗೆರೆಯಾಗಿ ತೋರಿಸುವ ಕಿಟಕಿ) ತೆಗೆದು ಪಾದದ ಐಕೆ ಬೋನ್ (ಇದನ್ನು ಎಳೆದರೆ ಇಡೀ ಕಾಲು ಜೊತೆಗೆ ಬರುತ್ತೆ) ನೋಡಿ. ಊರಿದ ಫ್ರೇಮು, ಎತ್ತುವ ಫ್ರೇಮು ಎರಡಕ್ಕೂ ಬೆಲೆ ಒಂದೇ ಇದ್ದರೂ ನಡುವೆ ಗೆರೆ ಡೊಂಕಾಗಿ ಉಬ್ಬಿರುತ್ತೆ. ಗೆರೆಯನ್ನು ಬಗ್ಗಿಸುವ ಹ್ಯಾಂಡಲ್ 'ಆಟೊಮ್ಯಾಟಿಕ್' ಇದ್ದರೆ ಹೀಗಾಗುತ್ತೆ. ಆ ಕೀಗಳನ್ನು (ನಾವೇ ಭಂಗಿ ಗುರುತು ಹಾಕಿದ ಫ್ರೇಮುಗಳು) ಆರಿಸಿ 'ಆಟೊ ಕ್ಲ್ಯಾಂಪ್ಡ್' ಇಲ್ಲವೇ 'ವೆಕ್ಟರ್' ಮಾಡಿ, ಗೆರೆ ಚಪ್ಪಟೆಯಾಗುತ್ತೆ, ಪಾದ ಅಲ್ಲೇ ಕೂರುತ್ತೆ.

ಸುತ್ತು ಕೈಕೊಡೋದು ಕ್ವಾಟರ್ನಿಯನ್‌ನಿಂದ, ಅಂದರೆ ತಿರುಗುವಿಕೆಯನ್ನು ನಾಲ್ಕು ಸಂಖ್ಯೆಯಲ್ಲಿ ಬರೆದಿಡುವ ವಿಧಾನದಿಂದ. ಬ್ಲೆಂಡರ್‌ನಲ್ಲಿ ಪೋಸ್ ಬೋನುಗಳು ಮೊದಲಿಗೆ ಅದರಲ್ಲೇ ಇರುತ್ತವೆ, ಮತ್ತೆ ಅದು ಎರಡು ಕೀಗಳ ನಡುವೆ ಹತ್ತಿರದ ದಾರಿ ಹುಡುಕುತ್ತೆ. 0ಯಿಂದ 360 ಅಂದರೆ ಅದರ ಪಾಲಿಗೆ ಎಲ್ಲೂ ಹೋಗಬೇಕಾಗಿಲ್ಲ, ಇದ್ದಲ್ಲೇ ಇದ್ದೇನಲ್ಲ ಅನ್ನುತ್ತೆ. 0ಯಿಂದ 270 ಕೊಟ್ಟರೆ ಹಿಂದಕ್ಕೆ 90 ತಿರುಗುತ್ತೆ. ಸುತ್ತು ಹೊಡೆಸುವ ರೂಟ್ ಬೋನ್ ಒಂದನ್ನು ಮಾತ್ರ ಯೂಲರ್‌ಗೆ (ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ವಿಧಾನ) ಬದಲಿಸಿ ಹೊಸದಾಗಿ ಕೀ ಹಾಕಿ. ಮಿಕ್ಕವು ಹಾಗೇ ಇರಲಿ.

ಬಡಗುಬೆಟ್ಟು:

ಬ್ಲೆಂಡರ್ ನನಗೆ ಅಷ್ಟಕ್ಕಷ್ಟೇ, ಆದರೆ ಆಟ ನೋಡಿ ಬೆಳೆದವನು, ಹಾಗಾಗಿ ಸುಮ್ನೆ ಇರೋಕೆ ಆಗ್ತಿಲ್ಲ ಮಾರಾಯ್ರೆ. ನೀವು ಹಾಕಿರುವ ಕೇದಗೆ ಮುಂದಲೆ, ಚೌಕುಳಿಯ ಕಸೆ ಸೀರೆ ಬಡಗಿನದು (ಯಕ್ಷಗಾನದ ಉತ್ತರದ ಶೈಲಿ). ಕೊನೆಗೆ ಹೊಡೆಸಿದ್ದು ಧೀಂಗಿಣ, ಅದು ತೆಂಕಿನ (ದಕ್ಷಿಣದ ಶೈಲಿ) ಹೆಗ್ಗುರುತು. ಹಿಂದೆ ಕೇಳುತ್ತಿರುವ ಚಂಡೆ ಯಾವುದು? ನನಗಂತೂ ತೆಂಕಿನ ಚಂಡೆಯ ಹಾಗೆ ಕೇಳಿತು, ಜೊತೆಗೆ ಜಾಗಟೆ ಬೇರೆ ಇದೆ. ಬಡಗಿನ ಭಾಗವತರು ತಾಳ ಹಿಡಿಯುತ್ತಾರೆ. ಕರಾವಳಿಯವರು ನೋಡಿದರೆ ಮೊದಲ ಕಾಮೆಂಟೇ ಇದರ ಮೇಲೆ ಬರುತ್ತೆ, ನಿಮ್ಮ ಸೊಂಟ ಗಿಂಟ ಯಾರೂ ನೋಡಲ್ಲ.

ವೇಷ ಬದಲಿಸೋದು ದೊಡ್ಡ ಕೆಲಸ, ಕುಣಿತ ಬದಲಿಸೋದು ಸುಲಭ. ಧೀಂಗಿಣದ ಬದಲು ಮಂಡಿ ಹಾಕಿಸಿ. ನೆಲಕ್ಕೆ ಮಂಡಿಯೂರಿ ಗಿರಗಿರ ಸುತ್ತೋದು, ಬಡಗಿಗೆ ಒಪ್ಪುತ್ತೆ. ಮಂಡಿ ಹೊಡೆಯುವಾಗ ಎದೆ ನೆಟ್ಟಗಿರಬೇಕು, ಕತ್ತು ಬಿಗಿ ಇರಬೇಕು. ನಿಮ್ಮ ಗೊಂಬೆಯ ತಲೆ ಬಸ್ಸಿನಲ್ಲಿ ತೂಕಡಿಸುವವನ ತಲೆಯ ಹಾಗೆ ಅಲ್ಲಾಡುತ್ತಿದೆ. ಅಷ್ಟು ದೊಡ್ಡ ಮುಂದಲೆ ಕಟ್ಟಿಕೊಂಡವನು ಹಾಗೆ ತಲೆ ಆಡಿಸಲ್ಲ.

ರೆಂಡರ್ ರಾತ್ರಿ:

ನಾನು ಮೂರನೇದಕ್ಕೆ ಮಾತ್ರ ಬರ್ತೇನೆ. ಲೆಕ್ಕ ಹಾಕಿದ್ದೀರಾ? 40 ಸೆಕೆಂಡ್ ಅಂದರೆ 960 ಫ್ರೇಮ್, 3 ನಿಮಿಷದಂತೆ 48 ಗಂಟೆ. ಎರಡು ಹಗಲು ಎರಡು ರಾತ್ರಿ ಲ್ಯಾಪ್‌ಟಾಪ್ ಫ್ಯಾನು ಕೂಗುತ್ತಿರಬೇಕು, ಅದೂ ಒಂದೇ ಸಲಕ್ಕೆ ಸರಿ ಬಂದರೆ. ಇದನ್ನು ಈವೀಯಲ್ಲಿ (ಬ್ಲೆಂಡರ್‌ನದೇ ವೇಗದ ರೆಂಡರ್ ಎಂಜಿನ್) ಮಾಡಿ. ಫ್ರೇಮಿಗೆ 15 ಸೆಕೆಂಡ್ ಹಿಡಿದರೂ 4 ಗಂಟೆಗೆ ಮುಗಿಯುತ್ತೆ. ಈವೀ ಅಂದರೆ ಕಳಪೆ ಅಂತ ಮೂಗು ಮುರಿಯೋರಿಗೆ ಒಂದೇ ಉತ್ತರ: 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಬ್ಲೆಂಡರ್‌ನಲ್ಲೇ ಮಾಡಿದ್ದು, ರೆಂಡರ್ ಮಾಡಿದ್ದು ಈವೀಯಲ್ಲಿ.

ಸೈಕಲ್ಸೇ ಬೇಕು ಅಂದರೆ: ಆ ಬಿಳಿ ಚುಕ್ಕೆಗಳು ಫೈರ್‌ಫ್ಲೈ. ನಿಜವಾದ ಆಭರಣ ಹಗುರ ಮರದ ಮೇಲೆ ಬೇಗಡೆ ಅಂಟಿಸಿದ್ದು, ಸ್ವಲ್ಪ ಸುಕ್ಕು, ಸ್ವಲ್ಪ ಮಂಕು ಇರುತ್ತೆ. ನೀವು ರಫ್‌ನೆಸ್ ಸೊನ್ನೆ ಇಟ್ಟು ಕನ್ನಡಿ ಮಾಡಿದ್ದೀರಿ. 0.25 ಆಸುಪಾಸಿಗೆ ತನ್ನಿ, ಚುಕ್ಕೆ ಕಡಿಮೆ ಆಗುತ್ತೆ, ನೋಡೋಕೂ ಬೇಗಡೆ ಅನಿಸುತ್ತೆ. ಆಮೇಲೂ ಉಳಿದರೆ ಲೈಟ್ ಪಾತ್ಸ್‌ನಲ್ಲಿ 'ಕ್ಲ್ಯಾಂಪ್ ಇನ್‌ಡೈರೆಕ್ಟ್' ಇಳಿಸಿ. ಡಿನಾಯ್ಸ್ (ಚುಕ್ಕೆ ಅಳಿಸುವ ಆಯ್ಕೆ) ಹಾಕಿದರೆ ನಿಂತ ಚಿತ್ರ ಚೆಂದ ಕಾಣುತ್ತೆ, ಆದರೆ ಸ್ಯಾಂಪಲ್ (ಒಂದೊಂದು ಬಿಂದುವಿಗೂ ಬೆಳಕಿನ ಲೆಕ್ಕ ಎಷ್ಟು ಸಲ ಅನ್ನೋದು) ತೀರಾ ಕಡಿಮೆ ಇಟ್ಟರೆ ಓಡುವಾಗ ಬಟ್ಟೆಯ ಚೌಕುಳಿ ಕುದಿಯುವ ಹಾಗೆ ಕಾಣುತ್ತೆ, ಅದಕ್ಕೆ ಹತ್ತು ಇಪ್ಪತ್ತು ಫ್ರೇಮ್ ಮೊದಲು ಓಡಿಸಿ ನೋಡಿ.

ನೇರ ಎಂಪಿ4ಗೆ ರೆಂಡರ್ ಮಾಡಬೇಡಿ. ಪಿಎನ್‌ಜಿ ಸಾಲು ಮಾಡಿ. ನಡುವೆ ಕರೆಂಟ್ ಹೋದರೆ ಆದಷ್ಟು ಉಳಿಯುತ್ತೆ. ಔಟ್‌ಪುಟ್‌ನಲ್ಲಿ 'ಓವರ್‌ರೈಟ್' ತೆಗೆದರೆ ಮತ್ತೆ ಶುರು ಮಾಡಿದಾಗ ಆಗಲೇ ಇರುವ ಫ್ರೇಮುಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ.

ಚಿತ್ರಚಪಲ:

ಇಷ್ಟೆಲ್ಲ ಒದ್ದಾಟ ಯಾಕೆ? ಯಾರಾದರೂ ಕುಣಿಯೋದನ್ನು ಫೋನಿನಲ್ಲಿ ತೆಗೆದು ವಿಡಿಯೊದಿಂದ ಮೋಷನ್ ಕ್ಯಾಪ್ಚರ್ ಮಾಡಿ ರಿಗ್‌ಗೆ ಹಾಕಿಬಿಡಿ. ಒಂದು ಸಂಜೆಯ ಕೆಲಸ.

ಕೀಫ್ರೇಮ್ ಕಿಟ್ಟಿ:

ಒಂದು ಸಂಜೆಯಲ್ಲಿ ಮುಗಿಯಲ್ಲ ಗುರು. ಒಂದೇ ಕ್ಯಾಮೆರಾದ ವಿಡಿಯೊದಿಂದ ತೆಗೆದ ಚಲನೆಯಲ್ಲಿ ಪಾದ ಜಾರೋದು ಇನ್ನೂ ಜಾಸ್ತಿ, ಮೈ ತಿರುಗಿದಾಗ ಒಂದು ಕೈ ಮರೆಯಾದರೆ ಸಾಫ್ಟ್‌ವೇರ್ ಊಹೆ ಮಾಡುತ್ತೆ. ಮಂಡಿ ಸುತ್ತಿನಲ್ಲಿ ಕಸೆ, ವೇಷ ಎಲ್ಲ ಅಡ್ಡ ಬಂದು ಕಾಲು ಎಲ್ಲಿದೆ ಅಂತಲೇ ಅದಕ್ಕೆ ತಿಳಿಯಲ್ಲ. ಪ್ರತಿ ಫ್ರೇಮಿಗೂ ಕೀ ತುಂಬಿರುತ್ತೆ, ತಿದ್ದೋಕೆ ಕೂತರೆ ಕೈಯಲ್ಲಿ ಮಾಡೋದೇ ಬೇಗ ಅನಿಸುತ್ತೆ. ಆದರೆ ವಿಡಿಯೊ ತೆಗೆಯೋದು ಒಳ್ಳೆಯ ಮಾತು. ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದು, ಪಕ್ಕದಲ್ಲಿ ಇಟ್ಟುಕೊಂಡು, ಪಾದ ಊರುವ ಫ್ರೇಮು ಯಾವುದು, ಸೊಂಟ ತೀರಾ ಕೆಳಗೆ ಇರೋದು ಯಾವುದು ಅಂತ ಬರೆದುಕೊಳ್ಳಿ. ಅಷ್ಟು ಸಾಕು.

ಗೆಜ್ಜೆಕಾಲು:

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ಬೂದು ಗೊಂಬೆ ಓಡಿಸಿ ನೋಡಿದೆ, ಕಿಟ್ಟಿಯವರು ಹೇಳಿದ್ದೇ ನಿಜ. ಯೂಲರ್ ಮಾಡಿದ ಕೂಡಲೇ ಸುತ್ತೂ ಸರಿಹೋಯಿತು. ಬಡಗುಬೆಟ್ಟು ಅವರೇ, ಮಂಡಿಗೇ ಬದಲಿಸುತ್ತೇನೆ, ಹಿಮ್ಮೇಳವನ್ನೂ ಬಡಗಿನದೇ ಹಾಕುತ್ತೇನೆ, ಪರಿಚಯದ ಒಬ್ಬ ಮದ್ದಳೆಯವರು ನುಡಿಸಿ ಕೊಡ್ತೇನೆ ಅಂದಿದ್ದಾರೆ.

ಇನ್ನೆರಡು ಪ್ರಶ್ನೆ. ಪೆಟ್ಟಿಗೂ ಹೆಜ್ಜೆಗೂ ಹೊಂದಿಸೋದು ಹೇಗೆ? ನಾನು 12 ಫ್ರೇಮಿಗೆ ಒಂದು ಹೆಜ್ಜೆ ಅಂತ ಲೆಕ್ಕ ಹಿಡಿದಿದ್ದೆ, ಮೊದಲು ಸರಿ ಇರುತ್ತೆ, ಕೊನೆಗೆ ಬರುವಷ್ಟರಲ್ಲಿ ಹಿಂದೆ ಬೀಳುತ್ತೆ. ಮತ್ತೆ ಶಾಲಿಗೆ ಕ್ಲಾತ್ ಸಿಮ್ಯುಲೇಷನ್ (ಬಟ್ಟೆಯ ಅಲುಗಾಟವನ್ನು ಬ್ಲೆಂಡರೇ ಲೆಕ್ಕ ಹಾಕೋದು) ಹಾಕಿದರೆ ಸುತ್ತುವಾಗ ಮೈಯೊಳಗೆ ಹೊಕ್ಕು ಚಿಂದಿಯಾಗುತ್ತೆ.

ಬಡಗುಬೆಟ್ಟು:

12 ಫ್ರೇಮ್ ಅಂದರೆ ನಿಮಿಷಕ್ಕೆ 120 ಪೆಟ್ಟು, ಅದು ಯಂತ್ರದ ಲೆಕ್ಕ. ಕುಣಿತ ಏರುತ್ತಾ ಹೋದ ಹಾಗೆ ಲಯವೂ ಏರುತ್ತೆ, ಬಿಡ್ತಿಗೆಗೆ (ಕುಣಿತ ಮುಗಿಸುವ ಘಟ್ಟ) ಬರುವಾಗ ಪೆಟ್ಟು ಒತ್ತೊತ್ತಾಗಿ ಬೀಳುತ್ತೆ. ಮೊದಲು ನುಡಿಸಿದ್ದು ಕೈಯಲ್ಲಿರಲಿ, ಆಮೇಲೆ ಹೆಜ್ಜೆ.

ಕೀಫ್ರೇಮ್ ಕಿಟ್ಟಿ:

ಹೌದು. ಆಡಿಯೊವನ್ನು ವಿಡಿಯೊ ಸೀಕ್ವೆನ್ಸರ್‌ಗೆ ಹಾಕಿ, ಪ್ಲೇಬ್ಯಾಕ್‌ನಲ್ಲಿ 'ಸಿಂಕ್ ಟು ಆಡಿಯೊ' ಮಾಡಿ, ಓಡುತ್ತಿರುವಾಗಲೇ ಪ್ರತಿ ಪೆಟ್ಟಿಗೂ ಟೈಮ್‌ಲೈನ್ ಮೇಲೆ ಎಂ ಒತ್ತುತ್ತಾ ಹೋಗಿ, ಮಾರ್ಕರ್ ಬೀಳುತ್ತೆ. ಆಮೇಲೆ ಅಲೆಯ ಚಿತ್ರ ನೋಡಿ ಹಿಂದೆ ಮುಂದೆ ಸರಿಸಿ. ಪಾದ ನೆಲಕ್ಕೆ ಬಡಿಯೋದು ಶಬ್ದಕ್ಕಿಂತ ಒಂದೆರಡು ಫ್ರೇಮ್ ಮೊದಲೇ ಇರಲಿ, ಆಗ ಕಣ್ಣಿಗೆ ಹೊಂದಿಕೊಳ್ಳುತ್ತೆ. ಸರಿಯಾಗಿ ಅದೇ ಫ್ರೇಮಿಗೆ ಇಟ್ಟರೆ ಯಾಕೋ ತಡವಾದ ಹಾಗೆ ಅನಿಸುತ್ತೆ.

ಶಾಲಿಗೆ ಸಿಮ್ಯುಲೇಷನ್ ಬಿಡಿ. ನಾಲ್ಕೈದು ಬೋನಿನ ಸರಪಳಿ ಹಾಕಿ, ಒಂದೊಂದು ಬೋನಿನ ಕೀಗಳನ್ನೂ ಅದರ ಮೇಲಿನದಕ್ಕಿಂತ ಎರಡು ಫ್ರೇಮ್ ತಡವಾಗಿ ಸರಿಸಿ. ಸುತ್ತು ನಿಂತ ಮೇಲೂ ಶಾಲು ಸ್ವಲ್ಪ ಹೊತ್ತು ತಿರುಗಿ ಹಿಂದಕ್ಕೆ ಬರಬೇಕು, ಅದೊಂದು ಬಂದರೆ ಸುತ್ತಿಗೆ ಜೋರು ಬರುತ್ತೆ.

ರೆಂಡರ್ ರಾತ್ರಿ:

ಸುತ್ತಿನ ಮೇಲೆ ಮೋಷನ್ ಬ್ಲರ್ (ವೇಗದ ಚಲನೆಯನ್ನು ಮಸುಕಾಗಿಸೋದು) ಹಾಕೋದು ಮರೀಬೇಡಿ. 8 ಫ್ರೇಮಿಗೆ ಒಂದು ಸುತ್ತು ಅಂದರೆ ಫ್ರೇಮಿಗೆ 45 ಡಿಗ್ರಿ, ಬ್ಲರ್ ಇಲ್ಲದಿದ್ದರೆ ಎಂಟು ಬೇರೆ ಬೇರೆ ಚಿತ್ರ ಮಿನುಗಿದ ಹಾಗೆ ಇರುತ್ತೆ. ಶಟರ್ 0.5 ಸಾಕು. ಈವೀ ಆದರೆ ಬ್ಲರ್‌ನ 'ಸ್ಟೆಪ್ಸ್' ಜಾಸ್ತಿ ಮಾಡಿ, ಟೈಮ್ ಹಿಡಿಯುತ್ತೆ ಆದರೂ ಸೈಕಲ್ಸ್‌ನಷ್ಟಲ್ಲ. ಸೊಂಟ ಸರಿ ಮಾಡಿದ ಮೇಲೆ ಬೂದು ಗೊಂಬೆಯ ವಿಡಿಯೊನೇ ಇಲ್ಲಿ ಹಾಕಿ, ಬಣ್ಣ ಹಚ್ಚೋದಕ್ಕೆ ಮೊದಲೇ ಇನ್ನೊಂದು ಸಲ ಬೈತೇವೆ.